ಸ್ಟೆಟ್ ಅಂದರೆ ಇರ್ಲಿ ಬಿಡ್ರಿ

ಮೊನ್ನೆ ಮೊನ್ನೆ ಒಂದು ಮದುವೆ ಕಾರ್ಡಿನ ಪ್ರೂಫ್ ತಿದ್ದಿದೆ. ಒಂದೇ ಹಾಳೆ. ನಾಲ್ಕು ದೇವರ ಹೆಸರು, ಎರಡು ಮನೆತನದ ಹೆಸರು, ಮುಹೂರ್ತ, ಕಲ್ಯಾಣ ಮಂಟಪ. ಇಷ್ಟಕ್ಕೆ ಎಷ್ಟು ಹೊತ್ತು ಬೇಕು? ಒಂದು ಟೀ ಕುಡಿಯುವಷ್ಟು. ನನಗೆ ಎರಡು ದಿನ ಬೇಕಾಯಿತು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು ಅಂತ ನಿಮಗೆ ಗೊತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಹೊಳಲ್ಕೆರೆ ಬಸ್‌ಸ್ಟ್ಯಾಂಡ್ ಹಿಂದಿರುವ ರುದ್ರೇಶನ ಪ್ರೆಸ್ಸಿನಲ್ಲಿ ಹೋಗಿ ಕೂರುವುದು ನನ್ನ ಹಳೆಯ ಚಟ. ರುದ್ರೇಶ ನನ್ನ ಕ್ಲಾಸ್‌ಮೇಟ್. ಅವನು ಟೀ ತರಿಸುತ್ತಾನೆ, ನಾನು ಅವನ ಪ್ರೂಫ್ ತಿದ್ದುತ್ತೇನೆ. ಮದುವೆ, ಗೃಹಪ್ರವೇಶ, ನಾಮಕರಣ, ತಿಥಿ. ತಾಲ್ಲೂಕಿನ ಎಲ್ಲರ ಸುಖದುಃಖಕ್ಕೂ ನಾನೇ ದೀರ್ಘ, ಒತ್ತಕ್ಷರ ಹಾಕುವವನು. (ಸಂಬಳ ಇಲ್ಲ. ಟೀ ಮಾತ್ರ. ಅದೂ ಬೈ ಟೂ.)

ಪ್ರೂಫ್ ತಿದ್ದುವವರದ್ದು ಒಂದು ಗುಟ್ಟಿನ ಭಾಷೆ ಇದೆ. ಅಕ್ಷರ ಬೇಡವಾದರೆ ಗೀಟು ಎಳೆದು ಪಕ್ಕದಲ್ಲಿ ಒಂದು ಸುರುಳಿ. ಪದ ಸೇರಿಸಬೇಕಾದರೆ ಕಾಗೆ ಕಾಲಿನಂಥ ಗುರುತು. ಇವೆಲ್ಲ ಯಾರಿಗಾದರೂ ಅರ್ಥವಾಗುತ್ತವೆ. ನನಗೆ ಇಷ್ಟವಾದದ್ದು ಇನ್ನೊಂದು. ಒಂದು ಪದವನ್ನು ಹೊಡೆದು ಹಾಕಿದ್ದೀರಿ. ಆಮೇಲೆ ಛೆ, ಇದು ಇರಬೇಕಿತ್ತು ಅನ್ನಿಸುತ್ತದೆ. ಆಗ ಏನು ಮಾಡುತ್ತೀರಿ? ಹೊಡೆದು ಹಾಕಿದ ಪದದ ಕೆಳಗೆ ಸಾಲಾಗಿ ಚುಕ್ಕಿ ಇಡಬೇಕು. ಪಕ್ಕದಲ್ಲಿ ಒಂದು ಪುಟ್ಟ ಪದ ಬರೆಯಬೇಕು. ಸ್ಟೆಟ್.

ಇದನ್ನು ಮೊದಲ ಸಲ ನೋಡಿದಾಗ ರುದ್ರೇಶ ಕೇಳಿದ್ದ. “ಇದೇನೋ ಇದು, ಸ್ಟೇಟು? ಕರ್ನಾಟಕ ಸ್ಟೇಟಾ?”

ಅಲ್ಲ ಮಾರಾಯ. ಇಂಗ್ಲಿಷಿನವರು ಲ್ಯಾಟಿನ್‌ನಿಂದ ತಂದುಕೊಂಡ ಪದ. ಅದು ಹಾಗೇ ನಿಲ್ಲಲಿ ಅಂತ ಅರ್ಥ. ತಿದ್ದಿದ್ದನ್ನು ಲೆಕ್ಕಕ್ಕೆ ತಗೋಬೇಡ, ಮೊದಲು ಹೇಗಿತ್ತೋ ಹಾಗೇ ಬಿಡು ಅಂತ ಆಜ್ಞೆ.

“ಅಷ್ಟಕ್ಕೆ ಲ್ಯಾಟಿನ್ ಯಾಕೆ? ಇರ್ಲಿ ಬಿಡ್ರಿ ಅಂದ್ರೆ ಆತು” ಅಂದ ರುದ್ರೇಶ.

ಯೋಚನೆ ಮಾಡಿದೆ. ಸರಿ ಅನ್ನಿಸಿತು. ನಮ್ಮ ಕಡೆ ಈ ‘ಇರ್ಲಿ’ ಎಷ್ಟು ಕೆಲಸ ಮಾಡುತ್ತದೆ ನೋಡಿ. ಎಲೆಗೆ ಇನ್ನೊಂದು ಮುದ್ದೆ ಇಡಲು ಬಂದರೆ ಕೈ ಅಡ್ಡ ಹಿಡಿದು ‘ಇರ್ಲಿ ಇರ್ಲಿ’ ಅಂತೀವಿ. ಬೇಡ ಅಂತ ಅರ್ಥ. ಬಡಿಸುವವರೂ ‘ಇರ್ಲಿ ತಗಳ್ರಿ’ ಅಂತಾರೆ. ತಿನ್ನಲೇಬೇಕು ಅಂತ ಅರ್ಥ. ಬಸ್ಸಿನಲ್ಲಿ ಕಾಲು ತುಳಿದವನು ಸಾರಿ ಅಂದರೆ ‘ಇರ್ಲಿ ಬಿಡಪ್ಪ’. ಅದು ಕ್ಷಮೆ. ಜಗಳದ ಕೊನೆಯಲ್ಲಿ ‘ಇರ್ಲಿ, ಇರ್ಲಿ’ ಅಂದರೆ ಮಾತ್ರ ಹುಷಾರು. ಅದು ಬೆದರಿಕೆ!

ಇರಲಿ. ಆ ಕಾರ್ಡು ತಂದ ಮಂಜನ ವಿಷಯಕ್ಕೆ ಬರುತ್ತೇನೆ.

ಮಂಜ ಅಂದರೆ ಮಂಜುನಾಥ. ತಾಳ್ಯದವನು. ಕರೆಂಟ್ ಆಫೀಸಿನ ಲೈನ್‌ಮನ್ ತಿಪ್ಪೇಸ್ವಾಮಿಯವರ ಮಗ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ಭೀಮಸಮುದ್ರದಲ್ಲಿ ಅಡಿಕೆ ಸಾಗಿಸಲು ತನ್ನದೇ ಟೆಂಪೊ ಓಡಿಸುತ್ತಿದ್ದ. ಅಂಗಿಯ ಮೇಲೆ ಯಾವಾಗಲೂ ಅಡಿಕೆ ಚೊಗರಿನ ಕಂದು ಕಲೆ. ಅಕ್ಕ ಸವಿತಾಳ ಮದುವೆ ಗೊತ್ತಾಗಿತ್ತು. ಗಂಡು ಹೊಸದುರ್ಗದಲ್ಲಿ ಮೆಡಿಕಲ್ ಸ್ಟೋರ್ ಇಟ್ಟವರು. ಕಾರ್ಡು ಮಾಡಿಸುವ ಕೆಲಸ ತಮ್ಮನ ಪಾಲಿಗೆ.

ಅವನೇ ಬರೆದುಕೊಂಡು ಬಂದಿದ್ದ. ಎಲ್ಲ ಕ್ರಮವಾಗಿತ್ತು. ಕೊನೆಯಲ್ಲಿ ಮಾತ್ರ ಒಂದು ಸಾಲು: ‘ನಮ್ಮಕ್ಕನ ಮದುವೆಗೆ ತಪ್ಪದೇ ಬರ್ರಿ. ಇಂತಿ, ಮಂಜ.’

ಇಂಥ ಸಾಲು ಕಾರ್ಡುಗಳಲ್ಲಿ ನೀವೂ ನೋಡಿರುತ್ತೀರಿ. ‘ನಮ್ಮ ಅತ್ತೆ ಮದುವೆಗೆ ಬನ್ನಿ’ ಅಂತ ಕೆಳಗೆ ಎರಡು ಪುಟಾಣಿಗಳ ಹೆಸರು ಹಾಕುತ್ತಾರೆ. ಆದರೆ ಮೀಸೆ ಬಂದವನು ಹಾಕಿಕೊಳ್ಳುವುದುಂಟೆ? ಹೋಗಲಿ ಅಂತ ಸಾಲು ಬಿಟ್ಟೆ. ‘ಬರ್ರಿ’ ಹೊಡೆದು ‘ಬನ್ನಿ’ ಮಾಡಿದೆ. ‘ಮಂಜ’ ಇದ್ದದ್ದನ್ನು ‘ಟಿ. ಮಂಜುನಾಥ’ ಮಾಡಿದೆ. ಮೇಷ್ಟ್ರ ಕೈ, ಸುಮ್ಮನಿರುತ್ತದೆಯೇ?

ಪ್ರೂಫ್ ನೋಡಲು ಬಂದವನು ಅಲ್ಲೇ ನಿಂತು ಓದಿದ. ಹಣೆ ಗಂಟಿಕ್ಕಿತು.

“ಸಾರ್, ಇದ್ಯಾಕೆ ಹೊಡೆದ್ರಿ?”

“ಬರ್ರಿ ಅನ್ನೋದು ಆಡುಮಾತು ಕಣಪ್ಪ. ಕಾರ್ಡಿನಲ್ಲಿ ಬನ್ನಿ ಅಂತ ಇರಬೇಕು.”

“ಬನ್ನಿ ಅಂದ್ರೆ ನಮ್ಮೂರೋರು ಬರಲ್ಲ ಸಾರ್. ಯಾರೋ ಆಫೀಸರು ಕರೆದಂಗೆ ಆಗ್ತೈತೆ. ಬರ್ರಿ ಅಂದ್ರೆ ಬರ್ತಾರೆ. ಮಂಜುನಾಥ ಅಂದ್ರೆ ಯಾರಿಗೆ ಗೊತ್ತೈತೆ? ನಮ್ಮವ್ವಂಗೇ ಗೊತ್ತಿಲ್ಲ. ಇರ್ಲಿ ಬಿಡ್ರಿ ಸಾರ್.”

ರುದ್ರೇಶ ನಗತೊಡಗಿದ. ನಾನೂ ನಕ್ಕೆ. ‘ಬರ್ರಿ’ ಕೆಳಗೆ ಚುಕ್ಕಿ ಇಟ್ಟೆ, ‘ಮಂಜ’ ಕೆಳಗೆ ಚುಕ್ಕಿ ಇಟ್ಟೆ, ಪಕ್ಕದಲ್ಲಿ ಸ್ಟೆಟ್ ಅಂತ ಬರೆದೆ. ಇದೇನು ಅಂತ ಕೇಳಿದ. ಹೇಳಿದೆ. “ಚೆನ್ನಾಗೈತೆ ಸಾರ್” ಅಂದ. ಹೋಗುವಾಗ ಬಾಗಿಲಲ್ಲಿ ತಿರುಗಿ, “ನೀವೂ ತಪ್ಪದೇ ಬರ್ರಿ ಮತ್ತೆ” ಅಂದ.

ಕಾರ್ಡು ಅಚ್ಚಾಗಲಿಲ್ಲ. ಅದೇ ವಾರ ಮಂಜ ಭೀಮಸಮುದ್ರದಿಂದ ಬೈಕಿನಲ್ಲಿ ಬರುತ್ತಿದ್ದ. ಕತ್ತಲು ಇಳಿಯುತ್ತಿದ್ದ ಹೊತ್ತು. ರಸ್ತೆ ಬದಿಯಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರಿನ ಟ್ರೇಲರ್. ಹಿಂದೆ ಒಂದು ಕೆಂಪು ಲೈಟಿಲ್ಲ, ಒಂದು ಸೊಪ್ಪಿನ ಕೊಂಬೆ ಕಟ್ಟಿಲ್ಲ. ಆಸ್ಪತ್ರೆಯವರೆಗೂ ಹೋಗಲಿಲ್ಲ ಜೀವ.

ಮಣ್ಣಿಗೆ ನಾವಿಬ್ಬರೂ ಹೋಗಿದ್ದೆವು. ಮಗನ ಟೆಂಪೊ ಯಾರೋ ತಂದು ಮನೆ ಮುಂದೆ ನಿಲ್ಲಿಸಿದ್ದರು. ತಿಪ್ಪೇಸ್ವಾಮಿ ಅದಕ್ಕೆ ಒರಗಿ ನಿಂತೇ ಇದ್ದರು. ರುದ್ರೇಶ ವಾಪಸ್ ಬಂದವನು ಆ ಪ್ರೂಫ್ ಹಾಳೆಯನ್ನು ಎಸೆಯಲಾರದೆ ಡ್ರಾಯರಿಗೆ ಹಾಕಿಟ್ಟ.

ಮದುವೆ ನಿಂತಿತು. ಆಮೇಲೆ ಹಿರಿಯರು ಕೂತು ಮಾತಾಡಿದರು. ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಶುಭ ಆಗಿಬಿಡಲಿ ಅಂದರು. ಗಂಡಿನ ಕಡೆಯವರೂ ಒಪ್ಪಿದರು. ನಾಲ್ಕೈದು ತಿಂಗಳು ಕಳೆದ ಮೇಲೆ ಒಂದು ಸಂಜೆ ತಿಪ್ಪೇಸ್ವಾಮಿ ಪ್ರೆಸ್ಸಿಗೆ ಬಂದರು. ಜೊತೆಗೆ ಅವರ ಅಣ್ಣ. ಸವಿತಾಳ ದೊಡ್ಡಪ್ಪ. ಮನೆತನದ ಯಜಮಾನರು.

“ಕುಂತ್ಕಳ್ರಿ” ಅಂದ ರುದ್ರೇಶ. ಇಬ್ಬರೂ ಕೂರಲಿಲ್ಲ.

ದೊಡ್ಡಪ್ಪನೇ ಮಾತು ಶುರು ಮಾಡಿದರು. “ಹಳೇ ಕಾರ್ಡೇ ಐತಲ್ಲ ನಿಮ್ಮತ್ರ. ತಾರೀಕು ಬದಲಾಯ್ಸಿ. ಕೊನೇ ಸಾಲು ತೆಗೀರಿ. ಅಷ್ಟೆಯ.”

ಡ್ರಾಯರಿನಿಂದ ಹಾಳೆ ಬಂತು. ಟೇಬಲ್ ಮೇಲೆ ಹರಡಿದೆ. ಕೊನೆಯ ಸಾಲಿನ ಮೇಲೆ ಯಾರ ಕಣ್ಣೂ ನಿಲ್ಲುತ್ತಿಲ್ಲ. ಕಂಪ್ಯೂಟರ್ ಮುಂದಿದ್ದ ರುದ್ರೇಶ ಮೆಲ್ಲಗೆ ಕೇಳಿದ.

“ಪೂರ್ತಿ ತೆಗೆಯೋದು ಬ್ಯಾಡ ಅಣ್ಣ. ‘ದಿವಂಗತ’ ಅಂತ ಹಾಕಿ ಮೇಲಕ್ಕೆ ತಗಳಾಣ. ಅಜ್ಜ ಅಜ್ಜಿ ಹೆಸರು ಅವೆಯಲ್ಲ, ಆಶೀರ್ವಾದ ಅಂತ, ಅವರ ಪಕ್ಕ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆವರೆಗೆ ನೆಲ ನೋಡುತ್ತಿದ್ದ ತಿಪ್ಪೇಸ್ವಾಮಿ ತಲೆ ಎತ್ತಿದರು.

“ಅವನು ಚಿಕ್ಕೋನು ಕಣಪ್ಪ. ಅಕ್ಕಂಗೆ ಅವನು ಹೆಂಗೆ ಆಶೀರ್ವಾದ ಮಾಡ್ತಾನೆ?”

ಮದುವೆ ಕಾರ್ಡಿನಲ್ಲಿ ತೀರಿಕೊಂಡ ಹಿರಿಯರಿಗೆ ಜಾಗ ಇದೆ. ಬದುಕಿರುವ ಮಕ್ಕಳಿಗೆ ಜಾಗ ಇದೆ. ತೀರಿಕೊಂಡ ತಮ್ಮನನ್ನು ಎಲ್ಲಿ ಕೂರಿಸುವುದು? ಇಷ್ಟು ವರ್ಷ ಪ್ರೂಫ್ ತಿದ್ದಿದ್ದೇನೆ, ಒಮ್ಮೆಯೂ ಈ ಪ್ರಶ್ನೆ ಬಂದಿರಲಿಲ್ಲ.

“ಮೇಷ್ಟ್ರೇ,” ದೊಡ್ಡಪ್ಪ ಗಟ್ಟಿಯಾಗಿ ಹೇಳಿದರು. “ಸತ್ತೋನು ಮದುವೆಗೆ ಬರ್ರಿ ಅಂತ ಕರೆಯೋದು ಎಲ್ಲಾರ ಐತಾ? ನೋಡಿದೋರು ಏನಂತಾರೆ? ಹುಡುಗಿ ಹೊಸ ಮನೆಗೆ ಹೋಗಾಳು. ಹೊಡೀರಿ ನೀವು.”

ಅವರನ್ನು ಕಲ್ಲೆದೆಯವರು ಅಂತ ತಿಳಿಯಬೇಡಿ. ಮಣ್ಣು ಮಾಡುವ ದಿನ ಗುಂಡಿಗೆ ಇಳಿದು ಹುಡುಗನನ್ನು ಎರಡೂ ಕೈಯಲ್ಲಿ ಇಳಿಸಿಕೊಂಡವರು ಅವರೇ. ಈಗ ತಮ್ಮನ ಮಗಳ ಮದುವೆಗೆ ಏನೂ ಅಪಶಕುನ ಆಗಬಾರದು ಅನ್ನುವ ಹೆದರಿಕೆ. ನಾನು ತಿಪ್ಪೇಸ್ವಾಮಿಯವರ ಮುಖ ನೋಡಿದೆ. ಅವರು ಅಣ್ಣನ ಮುಖ ನೋಡಿ ಹ್ಞೂಂ ಅಂತ ತಲೆ ಆಡಿಸಿದರು.

ಗೀಟು ಎಳೆದೆ. ‘ನಮ್ಮಕ್ಕನ’ದಿಂದ ‘ಮಂಜ’ದವರೆಗೆ. ಚುಕ್ಕಿ ಇದ್ದ ಎರಡು ಕಡೆ ಪೆನ್ನು ನಿಂತಿತು.

ಆಮೇಲೆ ತಿಪ್ಪೇಸ್ವಾಮಿ ಬಗ್ಗಿ ನೋಡಿದರು. “ಇದೇನು ಸಾರ್, ಚುಕ್ಕಿ? ಅದರ ಪಕ್ಕ ಇಂಗ್ಲಿಷಿನಲ್ಲಿ ಏನೋ ಬರೆದೀರಿ.”

ಹೇಳಬೇಕಾಯಿತು. ಮಂಜ ಬಂದಿದ್ದು, ಬರ್ರಿ ಬನ್ನಿ ಅಂತ ನನ್ನ ಜೊತೆ ವಾದ ಮಾಡಿದ್ದು, ಇರ್ಲಿ ಬಿಡ್ರಿ ಅಂದಿದ್ದು. ಅವರು ಪೂರ್ತಿ ಕೇಳಿಸಿಕೊಂಡರು. ಅದು ಅವರಿಗೆ ಗೊತ್ತೇ ಇರಲಿಲ್ಲ.

“ಈ ಕಾಗದ ನಾನು ತಗಂಡು ಹೋಗ್ಲಾ ಸಾರ್?”

“ತಗಂಡು ಹೋಗಣ್ಣ. ಕಂಪ್ಯೂಟರಿನಲ್ಲಿ ಐತೆ ನನ್ನತ್ರ” ಅಂದ ರುದ್ರೇಶ. ಅವರು ಹಾಳೆ ಮಡಿಸಿ ಖಾಕಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

ಮರುದಿನ ಸಂಜೆ ಸವಿತಾ ಬಂದಳು. ಹೊಳಲ್ಕೆರೆಯಲ್ಲೇ ನರ್ಸರಿ ಶಾಲೆ ಟೀಚರು ಆಕೆ. ಹಿಂದೆ ತಿಪ್ಪೇಸ್ವಾಮಿ. ಅವರು ಒಳಗೆ ಬರಲಿಲ್ಲ, ಬಾಗಿಲ ಪಕ್ಕ ನಿಂತರು. ಸವಿತಾ ಅದೇ ಹಾಳೆಯನ್ನು ಟೇಬಲ್ ಮೇಲೆ ಇಟ್ಟು ಕೈಯಿಂದ ಮಡಿಕೆ ಸರಿ ಮಾಡಿದಳು.

“ಸಾರ್, ಇದು ಹಿಂಗೇ ಅಚ್ಚಾಗ್ಲಿ. ಹೊಡೆದಿದ್ದು ಬ್ಯಾಡ.”

ನಾನು ನಿಧಾನವಾಗಿ ಹೇಳಿದೆ. ದೊಡ್ಡಪ್ಪ ಹೀಗಂದರು. ಮನೆಯಲ್ಲಿ ಎಲ್ಲರೂ ಒಪ್ಪಿ ಬಂದರೆ ಒಳ್ಳೆಯದು. ಗಂಡಿನ ಮನೆಯವರು ಏನನ್ನುತ್ತಾರೋ.

“ಅವರನ್ನ ಕೇಳೇ ಬಂದೀನಿ. ಬೂತಿನಿಂದ ಫೋನ್ ಮಾಡಿದ್ದೆ. ‘ಅವನು ನಮ್ಮನೇಗೆ ಬಂದು ಉಂಡು ಹೋದ ಹುಡುಗ, ಅವನ ಹೆಸರು ಇದ್ರೆ ನಮಗೇನು’ ಅಂದ್ರು.”

“ಅಲ್ಲಮ್ಮ, ಓದಿದವರಿಗೆ...”

“ಸಾರ್, ಅವನು ಇದನ್ನ ಬರೆದಾಗ ಇದ್ದನೋ ಇಲ್ವೋ?”

“ಇದ್ದ.”

“ಕರೆದಿದ್ದು ಅವನೇ ತಾನೆ? ಅವನು ಕರೆದಿದ್ದು ಸುಳ್ಳಾಗುತ್ತಾ ಸಾರ್, ಸತ್ತಿದ್ದಕ್ಕೆ?”

ಅಳುತ್ತಿರಲಿಲ್ಲ ಆಕೆ. ಗದ್ದಲ ಮಾಡುವ ಮಕ್ಕಳಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು. ಆಮೇಲೆ ಇನ್ನೊಂದು ಮಾತು ಹೇಳಿದಳು. “ಮನೇಲಿ ಅವನ ಅಂಗಿ ಕೊಟ್ಟುಬಿಟ್ರು ಸಾರ್. ಟೆಂಪೊ ಮಾರಿದ್ರು. ಫೋಟೊ ನೋಡಿದ್ರೆ ಅವ್ವ ಅಳ್ತಾಳೆ ಅಂತ ತೆಗೆದು ಬೀರುನಲ್ಲಿ ಇಟ್ರು. ನಾನು ಏನೂ ಅನ್ಲಿಲ್ಲ. ಇದೊಂದು ಬ್ಯಾಡ.”

ರುದ್ರೇಶ ಎದ್ದು ಹೊರಗೆ ಹೋದ. (ಬೀಡಿ ಸೇದಲು ಅಂದ. ಅವನು ಬೀಡಿ ಬಿಟ್ಟು ವರ್ಷಗಳಾಗಿವೆ.)

ನಾನು ತಿಪ್ಪೇಸ್ವಾಮಿಯವರ ಕಡೆ ನೋಡಿದೆ. ಅಣ್ಣನ ಮಾತಿಗೆ ಒಂದು ದಿನವೂ ಎದುರಾಡಿದ ಮನುಷ್ಯರಲ್ಲ ಅವರು. ಕಂಬ ಹತ್ತುವ ಕೆಲಸ, ಧೈರ್ಯಕ್ಕೇನೂ ಕಡಿಮೆ ಇಲ್ಲ. ಆದರೆ ಅಣ್ಣನ ಮುಂದೆ ನಿಲ್ಲುವ ಧೈರ್ಯ ಬೇರೆ. ಬಹಳ ಹೊತ್ತು ಬಾಗಿಲ ಚೌಕಟ್ಟನ್ನೇ ಹಿಡಿದುಕೊಂಡು ನಿಂತಿದ್ದರು. ಕೊನೆಗೆ ಒಳಗೆ ಬಂದರು.

“ಅಣ್ಣಂಗೆ ನಾನು ಹೇಳ್ಕಂತೀನಿ ಸಾರ್,” ಅಂದರು. “ಆ ಚುಕ್ಕಿ ಇಟ್ಟೀರಲ್ಲ, ಪೂರ್ತಿ ಸಾಲಿನ ಕೆಳಗೂ ಇಡ್ರಿ.”

ಇಟ್ಟೆ. ‘ಬರ್ರಿ’ ಕೆಳಗೆ, ‘ಮಂಜ’ ಕೆಳಗೆ ಮೊದಲೇ ಇದ್ದವು. ಉಳಿದ ಪದಗಳ ಕೆಳಗೂ ಇಟ್ಟು, ಪಕ್ಕದಲ್ಲಿ ಮತ್ತೆ ಸ್ಟೆಟ್ ಅಂತ ಬರೆದೆ. ಇಂಗ್ಲಿಷ್ ಮೇಷ್ಟ್ರಾಗಿ ಎಷ್ಟೋ ಸಲ ಈ ಪದ ಬರೆದಿದ್ದೇನೆ. ಅವತ್ತು ಅಕ್ಷರ ಸೊಟ್ಟಗಾಯಿತು.

ದೊಡ್ಡಪ್ಪ ಏನಂದರೋ ಗೊತ್ತಿಲ್ಲ. ಕಾರ್ಡು ಅಚ್ಚಾಗಿ, ಅರಿಶಿನ ಹಚ್ಚಿಸಿಕೊಂಡು, ಊರೂರಿಗೆ ಹೋಯಿತು.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಓದಿ ನೀವೂ ಒಂದು ನಿಟ್ಟುಸಿರು ಬಿಟ್ಟು ಪುಟ ತಿರುವುತ್ತಿದ್ದಿರಿ. ಆದರೆ ಕಾರ್ಡು ಹೋದ ಮೇಲೆ ಮದುವೆ ಅಂತ ಒಂದು ಇರುತ್ತದಲ್ಲ?

ಮದುವೆ ಮನೆ ಅಂದರೆ ಹೇಗಿರುತ್ತದೆ, ನಿಮಗೆ ಗೊತ್ತು. ಅವತ್ತು ಮಾತ್ರ ಎಲ್ಲರೂ ಸ್ವಲ್ಪ ಮೆಲ್ಲಗೆ ಮಾತಾಡುತ್ತಿದ್ದರು. ಓಲಗದವರೂ ಮೆಲ್ಲಗೆ ಊದುತ್ತಿದ್ದರು ಅನ್ನಿಸಿತು. ಹೆಣ್ಣಿನ ತಮ್ಮ ನಿಲ್ಲಬೇಕಾದ ಜಾಗದಲ್ಲಿ ದೊಡ್ಡಪ್ಪನ ಮಗ ನಿಂತಿದ್ದ. ಯಾರೂ ಆ ಕಡೆ ನೋಡುತ್ತಿರಲಿಲ್ಲ. ಮುಹೂರ್ತಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಬಾಗಿಲಲ್ಲಿ ಒಬ್ಬ ಮುದುಕರು ಕಾಣಿಸಿಕೊಂಡರು. ಹಿರಿಯೂರಿನಿಂದ ಆಚೆ, ಯಾವುದೋ ಹಳ್ಳಿ. ಹುಡುಗಿಯ ತಾಯಿ ಗೌರಮ್ಮನಿಗೆ ದೂರದಿಂದ ಮಾವ ಆಗಬೇಕು. ಹೆಗಲಲ್ಲಿ ಟವೆಲ್ಲು, ಕೈಯಲ್ಲಿ ಕಾರ್ಡು.

ಕಾರ್ಡು ಅಂಚೆಯಲ್ಲಿ ಹೋಗಿತ್ತು. ಅವರಿಗೆ ಮಂಜನ ಸುದ್ದಿ ಮುಟ್ಟಿರಲಿಲ್ಲ.

“ಏನವ್ವ ಗೌರಿ!” ಇಡೀ ಮಂಟಪಕ್ಕೆ ಕೇಳುವ ದನಿ. “ಎರಡು ಬಸ್ಸು ಬದಲಾಯ್ಸಿ ಬಂದೆ ಕಣವ್ವ. ಮಂಜ ತಪ್ಪದೇ ಬರ್ರಿ ಅಂತ ಬರೆದವ್ನೆ, ಬರದೇ ಇರಾಕಾಗ್ತದಾ? ಎಲ್ಲಿ, ಎಲ್ಲವ್ನೆ ಅವನು? ಕರೀರಿ.”

ಓಲಗ ನಡೆಯುತ್ತಲೇ ಇತ್ತು. ಮಿಕ್ಕಿದ್ದೆಲ್ಲ ನಿಂತುಹೋಯಿತು. ಯಾರೋ ಅವರ ರಟ್ಟೆ ಹಿಡಿದು ಪಕ್ಕಕ್ಕೆ ಎಳೆಯಲು ಹೋದರು. ಗೌರಮ್ಮ ಅಕ್ಕಿಯ ತಟ್ಟೆ ಕೆಳಗಿಟ್ಟು ಎದ್ದರು. ನೇರ ಅವರ ಹತ್ತಿರ ಹೋದರು.

“ಮಂಜ ಇಲ್ಲ ಮಾವ. ಹೋಗಿಬಿಟ್ಟ.”

ಅಷ್ಟೇ ಹೇಳಿದ್ದು. ಅಲ್ಲೇ ನೆಲದ ಮೇಲೆ ಕುಸಿದರು. ಆ ಅಳು ನಾನು ಮಣ್ಣಿನ ದಿನವೂ ಕೇಳಿರಲಿಲ್ಲ. ಮುದುಕರು ಕಾರ್ಡು ಹಿಡಿದುಕೊಂಡೇ ಪಕ್ಕದಲ್ಲಿ ಕೂತು, “ಗೊತ್ತಿರ್ಲಿಲ್ಲ ಕಣವ್ವ, ಗೊತ್ತಿರ್ಲಿಲ್ಲ” ಅಂತ ತಾವೂ ಅತ್ತರು. ಹಸೆಮಣೆಯ ಮೇಲೆ ಸವಿತಾ ತಲೆ ತಗ್ಗಿಸಿದಳು. ದೊಡ್ಡಪ್ಪ ಮಂಟಪದ ಆಚೆ ತುದಿಯಿಂದ ನನ್ನನ್ನು ನೋಡಿದರು. ನೋಡಿದ್ರಾ ಮೇಷ್ಟ್ರೇ ಅನ್ನುವ ಹಾಗೆ.

ನಾನು ಚಪ್ಪಲಿ ಹುಡುಕತೊಡಗಿದೆ. ನಿಜ ಹೇಳುತ್ತೇನೆ, ಓಡಿಹೋಗಬೇಕು ಅನ್ನಿಸಿತು. ರುದ್ರೇಶ ಕೈ ಹಿಡಿದು ನಿಲ್ಲಿಸಿದ.

ತಾಳಿ ಕಟ್ಟಿದ್ದಾಯಿತು. ಅಕ್ಷತೆ ಬಿತ್ತು. ಊಟದ ಹೊತ್ತಿಗೆ ಗೌರಮ್ಮ ಮುಖ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಂಕ್ತಿಯಲ್ಲಿ ವಿಚಾರಿಸಿಕೊಳ್ಳುತ್ತಿದ್ದರು. ನನ್ನ ಎಲೆಯ ಮುಂದೆ ಬಂದಾಗ ನಾನೇ ಬಾಯಿ ತೆರೆದೆ.

“ತಪ್ಪಾಯ್ತಮ್ಮ. ಆ ಸಾಲು ಬಿಡಬಾರದಿತ್ತು.”

ಅವರು ನನ್ನ ಎಲೆಯ ಮುಂದೆಯೇ ನಿಂತರು.

“ಅವನು ಹೋದಾಗಿಂದ ನಮ್ಮನೇಲಿ ಯಾರೂ ಅವನ ಹೆಸರು ಎತ್ತಲ್ಲ ಮೇಷ್ಟ್ರೇ. ನಾನು ಅಳ್ತೀನಿ ಅಂತ ಅವರಪ್ಪ ಎತ್ತಲ್ಲ. ಅವರು ಅಳ್ತಾರೆ ಅಂತ ನಾನು ಎತ್ತಲ್ಲ. ಬಂದೋರೂ ಮಳೆ ಬೆಳೆ ಮಾತಾಡಿ ಎದ್ದು ಹೋಗ್ತಾರೆ. ಇವತ್ತು ಆ ಮಾವ ಒಬ್ರೇ, ಮಂಜ ಎಲ್ಲಿ ಅಂತ ಬಾಯ್ತುಂಬ ಕೇಳಿದ್ದು.” ಕಣ್ಣು ಮತ್ತೆ ತುಂಬಿತು. ಬಡಿಸುವವನ ಕಡೆ ತಿರುಗಿ, “ಇಲ್ಲಿ ಪಾಯಸ ಹಾಕ್ರಪ್ಪ” ಅಂದು ಮುಂದೆ ಹೋದರು.

ಹಾಗಾದರೆ ನಾವು ಮಾಡಿದ್ದು ಸರಿಯೇ? ಗೊತ್ತಿಲ್ಲ. ದೊಡ್ಡಪ್ಪ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ತುಂಬಿದ ಮಂಟಪದಲ್ಲಿ ತಮ್ಮನ ಹೆಂಡತಿ ನೆಲದ ಮೇಲೆ ಕುಸಿದದ್ದನ್ನು ಕಂಡವರು ಅವರು. ಅವರ ಸಿಟ್ಟು ಸುಳ್ಳೇ? ಗೌರಮ್ಮನ ಮಾತು ಸುಳ್ಳೇ? ಎರಡೂ ನಿಜ ಆದಾಗ ಏನು ಮಾಡುವುದು? ಪ್ರೂಫ್ ತಿದ್ದುವವರ ಗುಟ್ಟಿನ ಭಾಷೆಯಲ್ಲಿ ಅದಕ್ಕೆ ಗುರುತಿಲ್ಲ.

ಒಂದು ಮಾತ್ರ ಅರ್ಥವಾಯಿತು. ಸಾವಿನ ಮನೆಗೆ ಹೋದಾಗ ನಾವೆಲ್ಲ ಎಡಿಟರ್‌ಗಳೇ. ಯಾವ ಪದ ಆಡಬಾರದು, ಯಾವ ಹೆಸರು ಎತ್ತಬಾರದು ಅಂತ ದಾರಿಯಲ್ಲೇ ಗೀಟು ಎಳೆದುಕೊಂಡು ಹೋಗುತ್ತೇವೆ. ಅವರಿಗೆ ನೋವಾಗುತ್ತದೆ ಅಂತ. ಮಳೆ ಬಂತಾ, ಬೋರು ಹೇಗಿದೆ, ಟೀ ಬೇಡ, ಬರ್ತೀವಿ. ಅವರ ನೋವಿಗೆ ಹೆದರುತ್ತೇವೋ, ನಮ್ಮ ಮುಜುಗರಕ್ಕೋ? ನಾನೇ ಆ ನಾಲ್ಕೈದು ತಿಂಗಳಲ್ಲಿ ತಿಪ್ಪೇಸ್ವಾಮಿಯವರನ್ನು ಬಸ್‌ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ನೋಡಿದ್ದೆ. ಪ್ರತಿ ಸಲವೂ ಪವರ್ ಕಟ್ ಬಗ್ಗೆ ಮಾತಾಡಿದ್ದೆ.

ಹೋದ ಸೋಮವಾರ ಅವರು ಶಾಲೆಯ ಹತ್ತಿರ ಬಂದಿದ್ದರು. ಡ್ಯೂಟಿ ಮುಗಿಸಿ ಬಂದ ಹಾಗಿತ್ತು. ಸವಿತಾ ಹೇಗಿದ್ದಾಳೆ ಅಂದೆ. ಚೆನ್ನಾಗಿ ಅದಾಳೆ ಅಂದರು. ಈ ಸಲ ಪವರ್ ಕಟ್ ಮಾತು ಎತ್ತಲಿಲ್ಲ ನಾನು. ಮಂಜ ಬರ್ರಿ ಬನ್ನಿ ಅಂತ ಜಗಳ ಆಡಿದ ದಿನದ ಕತೆ ಇನ್ನೊಂದು ಸಲ ಹೇಳಿದೆ. ಅವರು ನಕ್ಕರು. ನಗುತ್ತಲೇ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

ಆಮೇಲೆ ಬಂದ ಕೆಲಸ ಹೇಳಿದರು.

“ರೇಷನ್ ಕಾರ್ಡಿನಿಂದ ಎರಡು ಹೆಸರು ತೆಗೆಸ್ಬೇಕಂತೆ ಸಾರ್. ಒಂದರ್ಜಿ ಬರೆದು ಕೊಡ್ರಿ.”

ಬರೆದುಕೊಟ್ಟೆ. ಮಗಳು, ಕಾರಣ ಮದುವೆ. ಮಗ, ಕಾರಣ ಮರಣ. ಓದಿ ನೋಡಿ ಅಂತ ಕೈಗೆ ಕೊಟ್ಟೆ. ನಿಧಾನವಾಗಿ ಓದಿದರು. “ಸರಿ ಐತೆ ಸಾರ್” ಅಂದು ಸೈನ್ ಹಾಕಿದರು.

ಇಂಥ ಅರ್ಜಿಗಳಲ್ಲಿ ತಿದ್ದುವಂಥದ್ದು ಯಾವತ್ತೂ ಏನೂ ಇರುವುದಿಲ್ಲ, ಗಮನಿಸಿದ್ದೀರಾ?